ಶಾರ್ಟ್ ಸರ್ಕ್ಯೂಟ್ ಎಂಬ ಸಿದ್ಧ ಉತ್ತರ

ನಗರದಲ್ಲಿ ಎಲ್ಲಿಯಾದರೂ ಬೆಂಕಿ ಬಿದ್ದು ಪ್ರಾಣಹಾನಿಯಾಯಿತೆಂದರೆ ಮರುದಿನ ಬೆಳಿಗ್ಗೆ ಪತ್ರಿಕೆಗಳಲ್ಲಿ ಒಂದು ವಾಕ್ಯವು ತಪ್ಪದೆ ಕಾಣಿಸಿಕೊಳ್ಳುತ್ತದೆ: ಶಾರ್ಟ್ ಸರ್ಕ್ಯೂಟೇ ಅನಾಹುತಕ್ಕೆ ಕಾರಣವಾಗಿರಬೇಕೆಂದು ಶಂಕಿಸಲಾಗಿದೆ. ಈ ವಾಕ್ಯವನ್ನು ಅಚ್ಚು ಮಾಡುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ. ಓದುಗರು ಅದನ್ನೋದಿ, ಅಯ್ಯೋ ಪಾಪ ಎಂದು ನಿಟ್ಟುಸಿರುಬಿಟ್ಟು ಪುಟ ತಿರುವುತ್ತಾರೆ. ಸಿಡಿಲು ಬಡಿಯಿತು, ನೆರೆ ಬಂದಿತು ಎಂಬಂತೆ ಶಾರ್ಟ್ ಸರ್ಕ್ಯೂಟೂ ಯಾರ ಕೈಯಲ್ಲಿಯೂ ಇಲ್ಲದ ಒಂದು ಆಪತ್ತೆಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಆ ಭಾವನೆಯು ತಪ್ಪೆಂದೂ, ಆ ತಪ್ಪಿಗೆ ಬೆಲೆ ತೆರುವವರು ಬಹುಮಟ್ಟಿಗೆ ನಮ್ಮ ಓದುಗರಂತಹ ದುಡಿಯುವ ಜನರೇ ಎಂದೂ ನಾವು ಇಂದು ಹೇಳಬೇಕಾಗಿದೆ.

ಹೈದರಾಬಾದಿನ ಕೆಲವು ವರ್ಷಗಳ ಲೆಕ್ಕವನ್ನಷ್ಟೇ ನೋಡೋಣ. ೨೦೨೨ರ ಮಾರ್ಚ್ ೨೩ರ ಬೆಳಗಿನ ಜಾವ ಬೋಯಿಗುಡದ ಗುಜರಿ ಗೋದಾಮೊಂದರ ಮೇಲಂತಸ್ತಿನಲ್ಲಿ ಮಲಗಿದ್ದ ಬಿಹಾರದ ೧೧ ಮಂದಿ ಕೂಲಿಗಾರರು ಮಲಗಿದಲ್ಲಿಯೇ ಮಡಿದರು. ೨೦೨೩ರ ಮಾರ್ಚ್ ೧೬ರ ಸಂಜೆ ಸಿಕಂದರಾಬಾದಿನ ಸ್ವಪ್ನಲೋಕ ಕಟ್ಟಡದಲ್ಲಿ ಕಚೇರಿಯ ಕೆಲಸದಲ್ಲಿದ್ದ ಆರು ಮಂದಿ ತರುಣ ತರುಣಿಯರು ಹೊಗೆಗೆ ಸಿಲುಕಿ ಸತ್ತರು. ೨೦೨೫ರ ಮೇ ೧೮ರ ಭಾನುವಾರ ಬೆಳಿಗ್ಗೆ ಚಾರ್ಮಿನಾರಿನ ಬಳಿಯ ಗುಲ್ಜಾರ್ ಹೌಜಿನಲ್ಲಿ, ಕೆಳಗೆ ಅಂಗಡಿ, ಮೇಲೆ ಮನೆಯಿದ್ದ ಕಟ್ಟಡವೊಂದರಲ್ಲಿ ೧೭ ಜನರು ತೀರಿಕೊಂಡರು. ಅವರಲ್ಲಿ ಎಂಟು ಮಂದಿ ಮಕ್ಕಳು. ಕೂಲಿಗಾರರು, ಗುಮಾಸ್ತರು, ಮನೆವಂದಿಗರು ಎಂದು ಸತ್ತವರು ಬೇರೆ ಬೇರೆ. ಮೂರು ಕಡೆಗಳಲ್ಲಿಯೂ ಮೊದಲ ದಿನವೇ ಕೇಳಿಬಂದ ಹೆಸರು ಮಾತ್ರ ಒಂದೇ.

ಈ ಹೆಸರಿಗೆ ಅರ್ಥವೇನು? ಕಾಚಿಗುಡದ ಯಾವುದಾದರೂ ಹೋಟೆಲಿನ ಅಡಿಗೆಮನೆಗೆ ಹೋಗಿ ಕೇಳಿದರೆ ಉತ್ತರ ತಮಾಷೆಯಾಗಿರುತ್ತದೆ. ದೀಪ ಹತ್ತದಿದ್ದರೆ ಶಾರ್ಟು. ಗ್ರೈಂಡರನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಶಾರ್ಟು. ಸ್ವಿಚ್ಚಿನಲ್ಲಿ ಚಟಪಟ ಸದ್ದಾದರೆ ಶಾರ್ಟು. ಫ್ಯಾನು ನಿಧಾನವಾಗಿ ತಿರುಗಿದರೂ ಶಾರ್ಟು! ಎಲ್ಲ ಜ್ವರಕ್ಕೂ ಒಂದೇ ಕಷಾಯ ಕೊಡುವ ವೈದ್ಯನಂತೆ ನಾವು ವಿದ್ಯುತ್ತಿನ ಎಲ್ಲ ರೋಗಗಳಿಗೂ ಒಂದೇ ಹೆಸರಿಟ್ಟಿದ್ದೇವೆ. ರೋಗದ ಹೆಸರು ತಪ್ಪಿದ ಮೇಲೆ ಚಿಕಿತ್ಸೆ ಸರಿಯಾಗುವುದಾದರೂ ಎಂತು?

ವಿದ್ಯುತ್ತಿನ ವ್ಯವಹಾರವು ಮೂಲದಲ್ಲಿ ಸರಳವಾದುದು. ಅದು ಒಂದು ತಂತಿಯಿಂದ ಬಂದು, ದೀಪವನ್ನೋ ಯಂತ್ರವನ್ನೋ ಹಾಯ್ದು, ಅಲ್ಲಿ ದುಡಿದು, ಇನ್ನೊಂದು ತಂತಿಯಿಂದ ಹಿಂದಿರುಗುತ್ತದೆ. ಬರುವ ತಂತಿಯನ್ನು ಫೇಸ್ ಎಂದೂ ಹಿಂದಿರುಗುವುದನ್ನು ನ್ಯೂಟ್ರಲ್ ಎಂದೂ ನಮ್ಮ ವೈರ್‌ಮನ್ನರು ಕರೆಯುತ್ತಾರೆ. ನಡುವೆ ಇರುವ ದೀಪವೋ ಯಂತ್ರವೋ ಪ್ರವಾಹಕ್ಕೆ ಒಡ್ಡುವ ತಡೆಯೇ ಅದರ ಲಗಾಮು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು. ೬೦ ವ್ಯಾಟಿನ ಹಳೆಯ ತಂತುದೀಪವೊಂದು ಉರಿಯುತ್ತಿರುವಾಗ ಅದರ ತಡೆ ಸುಮಾರು ೮೮೦ ಓಮ್; ಆದುದರಿಂದ ಹರಿಯುವ ಪ್ರವಾಹ ಕಾಲು ಆಂಪಿಯರಿಗಿಂತ ತುಸು ಹೆಚ್ಚು, ಅಷ್ಟೆ. ಈಗ ಆ ದೀಪವನ್ನು ತಲಪುವ ಮೊದಲೇ ಎರಡು ತಂತಿಗಳ ಹೊದಿಕೆ ಸವೆದು, ತಾಮ್ರಕ್ಕೆ ತಾಮ್ರ ತಾಕಿತೆನ್ನಿ. ನಡುವೆ ದುಡಿಮೆಯಿಲ್ಲ, ಲಗಾಮಿಲ್ಲ. ಉಳಿದಿರುವುದು ತಂತಿಯ ಸ್ವಂತ ತಡೆ ಮಾತ್ರ. ಅದು ಅರ್ಧ ಓಮ್ ಇದ್ದೀತು. ಪ್ರವಾಹವು ಒಮ್ಮೆಲೇ ೪೬೦ ಆಂಪಿಯರಿಗೆ ನೆಗೆಯುತ್ತದೆ. ಇದೇ ಶಾರ್ಟ್ ಸರ್ಕ್ಯೂಟ್. ದಾರಿಯ ಉದ್ದ ಗಿಡ್ಡಗಳ ಪ್ರಶ್ನೆ ಇಲ್ಲಿಲ್ಲ. ದುಡಿಯುವ ಜಾಗವನ್ನು ತಪ್ಪಿಸಿ ಹೋಗುವ ಕಳ್ಳದಾರಿಯೊಂದು ತೆರೆದುಕೊಂಡಿತೆಂಬುದೇ ಅದರ ತಾತ್ಪರ್ಯ.

ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದೊಡನೆ ಸಮಸಮವಾಗಿ ಏರುವುದಿಲ್ಲ, ಅದರ ವರ್ಗದಂತೆ ಏರುತ್ತದೆ. ಐದು ಆಂಪಿಯರನ್ನು ಹೊತ್ತು ತಣ್ಣಗಿದ್ದ ತಂತಿಯು ೪೬೦ ಆಂಪಿಯರನ್ನು ಹೊರಬೇಕಾದಾಗ ಪ್ರವಾಹವು ೯೨ ಪಟ್ಟಾದರೆ ಶಾಖವು ಎಂಟು ಸಾವಿರ ಪಟ್ಟಿಗೂ ಮಿಕ್ಕುತ್ತದೆ. ಹೊದಿಕೆ ಕರಗಿ ಹತ್ತಿ ಉರಿಯಲು ಹೆಚ್ಚು ಹೊತ್ತು ಬೇಕಾಗದು. ಆದರೆ, ಮತ್ತು ಇದೇ ನಾವು ಒತ್ತಿ ಹೇಳಬೇಕಾದ ಮಾತು, ಈ ಸ್ಥಿತಿಯನ್ನು ವಿದ್ಯುತ್ ಶಾಸ್ತ್ರಜ್ಞರು ನೂರು ವರ್ಷಗಳಿಗೂ ಹಿಂದೆಯೇ ಕಂಡುಕೊಂಡು ಅದಕ್ಕೊಬ್ಬ ಕಾವಲುಗಾರನನ್ನು ನೇಮಿಸಿದ್ದಾರೆ. ಹಿಂದೆ ಅವನು ಪಿಂಗಾಣಿಯ ಫ್ಯೂಸಿನೊಳಗಿನ ಸಣ್ಣ ತಂತಿಯಾಗಿದ್ದನು. ಇಂದು ಅವನು ಎಂಸಿಬಿ. ಎಂಸಿಬಿಯೊಳಗೆ ಕಾವಲುಗಾರರು ಇಬ್ಬರು. ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ನಿಧಾನವಾಗಿ ಬಿಸಿಯೇರಿ ಬಾಗಿ, ಹೊರೆ ಹೆಚ್ಚಾಯಿತೆಂದು ಸ್ವಿಚ್ಚನ್ನು ಕೆಡಹುತ್ತದೆ. ತಂತಿ ಸುತ್ತಿದ ಅಯಸ್ಕಾಂತವೊಂದು ಶಾರ್ಟಿನ ಪ್ರವಾಹ ನುಗ್ಗಿದೊಡನೆಯೇ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಅವಧಿಯಲ್ಲಿ ಅದನ್ನು ಕೆಡಹುತ್ತದೆ. ಕಾವಲು ಸರಿಯಾಗಿದ್ದಲ್ಲಿ ಶಾರ್ಟ್ ಸರ್ಕ್ಯೂಟಿನ ಫಲ ಒಂದು ಚಟಾರೆಂಬ ಶಬ್ದ, ಗೋಡೆಯ ಮೇಲೊಂದು ಕಪ್ಪು ಕಲೆ, ಸ್ವಲ್ಪ ಹೊತ್ತಿನ ಕತ್ತಲೆ. ಹನ್ನೊಂದು ಹೆಣಗಳಲ್ಲ.

ಆದುದರಿಂದ ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಹತ್ತಿತೆಂದು ಯಾರಾದರೂ ಹೇಳಿದರೆ ಅವರು ಅರ್ಧ ಮಾತನ್ನು ಮಾತ್ರ ಹೇಳಿದ್ದಾರೆ. ಎರಡು ತಂತಿಗಳು ತಾಕಿದವೇಕೆ? ತಾಕಿದಾಗ ಕಾವಲುಗಾರನೆಲ್ಲಿದ್ದನು?

ಎರಡನೆಯ ಪ್ರಶ್ನೆಗೆ ನಮ್ಮ ಹೋಟೆಲುಗಳಲ್ಲಿ ಸಿಗುವ ಉತ್ತರಗಳನ್ನು ಓದುಗರು ಬಲ್ಲರು. ಬೆಳಗಿನ ನಾಲ್ಕು ಗಂಟೆ. ಇಡ್ಲಿಯ ಹಿಟ್ಟು ಆಗಬೇಕು. ಆರಕ್ಕೆ ಗಿರಾಕಿಗಳು ಬಾಗಿಲಲ್ಲಿ ನಿಲ್ಲುವರು. ಗ್ರೈಂಡರ್ ಹಾಕಿದೊಡನೆ ಫ್ಯೂಸು ಹೋಯಿತು. ವೈರ್‌ಮನ್ನನನ್ನು ಎಬ್ಬಿಸುವವರು ಯಾರು? ಭಟ್ಟರು ಹುಡುಗನಿಗೆ ಹೇಳುತ್ತಾರೆ, ಅವನು ತಾಮ್ರದ ದಪ್ಪ ತಂತಿಯನ್ನು ನಾಲ್ಕು ಸುತ್ತು ಸುತ್ತಿ ಫ್ಯೂಸಿಗೆ ಹಾಕುತ್ತಾನೆ. ಇನ್ನು ಅದು ಹೋಗುವುದಿಲ್ಲ. ಆ ಹುಡುಗನನ್ನು ಜಾಣನೆಂದು ಎಲ್ಲರೂ ಹೊಗಳುತ್ತಾರೆ. ಎಂಸಿಬಿ ಇರುವ ಹೋಟೆಲಿನಲ್ಲಿ ಇದೇ ಜಾಣತನಕ್ಕೆ ಹೊಸ ರೂಪ: ಹದಿನಾರರದು ಮತ್ತೆ ಮತ್ತೆ ಬೀಳುತ್ತದೆಂದು ಮೂವತ್ತೆರಡರದನ್ನು ತಂದು ಕೂರಿಸುವುದು, ಹಿಂದಿನ ತೆಳುತಂತಿಯನ್ನು ಹಾಗೆಯೇ ಬಿಡುವುದು. ಕಾವಲು ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿದಂತಾಯಿತು. ಸಾಮಾನ್ಯವಾಗಿ ಬಳಕೆಯಲ್ಲಿರುವ ಸಿ ವರ್ಗದ ಎಂಸಿಬಿಯು ತನ್ನ ಅಳತೆಯ ಐದರಿಂದ ಹತ್ತು ಪಟ್ಟು ಪ್ರವಾಹ ಬಂದಾಗ ತತ್‌ಕ್ಷಣ ಬೀಳುವಂತೆ ಮಾಡಲ್ಪಟ್ಟಿದೆ. ಎಂದರೆ ೩೨ರದಕ್ಕೆ ೩೨೦ ಆಂಪಿಯರುಗಳವರೆಗೂ ಬೇಕಾದೀತು. ಸಣ್ಣ ತಂತಿಯ ಉದ್ದನೆಯ ಎಕ್ಸ್‌ಟೆನ್ಷನ್ನಿನ ತುದಿಯಲ್ಲಿ ಶಾರ್ಟಾದರೆ ತಂತಿಯ ಸ್ವಂತ ತಡೆಯಿಂದಲೇ ಪ್ರವಾಹವು ನೂರು ಆಂಪಿಯರನ್ನೂ ಮುಟ್ಟದೆ ಹೋಗಬಹುದು. ಆಗ ಅಯಸ್ಕಾಂತವು ಸುಮ್ಮನಿರುತ್ತದೆ. ಬಿಸಿಯಾಗಿ ಬಾಗುವ ಪಟ್ಟಿಯು ಎಚ್ಚರಗೊಳ್ಳುವಷ್ಟರಲ್ಲಿ ಎಕ್ಸ್‌ಟೆನ್ಷನ್ನಿನ ತಂತಿಯೇ ಕಾದ ಕಬ್ಬಿಣವಾಗಿರುತ್ತದೆ.

ಇನ್ನು ಮೊದಲನೆಯ ಪ್ರಶ್ನೆ. ತಂತಿಗಳು ತಾವಾಗಿಯೇ ತಾಕುವುದಿಲ್ಲ. ಎಣ್ಣೆಯ ಜಿಡ್ಡು, ಹಬೆ, ಇಲಿಯ ಹಲ್ಲು, ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋದ ವೈರು, ಇವೆಲ್ಲವೂ ಹೊದಿಕೆಯನ್ನು ಕೆಡಿಸುತ್ತವೆ. ಆದರೆ ಎಲ್ಲಕ್ಕಿಂತ ಮೋಸದ ಕಾರಣವೆಂದರೆ ಸಡಿಲವಾದ ಜೋಡಣೆ. ಪ್ಲಗ್ಗಿನ ಸ್ಕ್ರೂ ಸಡಿಲಗೊಂಡು, ತಂತಿಯು ಅಲ್ಲಿ ಅರೆಬರೆಯಾಗಿ ತಾಕುತ್ತಿದ್ದು, ಆ ಒಂದು ಬಿಂದುವಿನಲ್ಲಿ ಅರ್ಧ ಓಮ್ ತಡೆ ಹುಟ್ಟಿತೆಂದಿಟ್ಟುಕೊಳ್ಳಿ. ಹತ್ತು ಆಂಪಿಯರ್ ಹರಿಯುವಾಗ ಅಲ್ಲಿ ೫೦ ವ್ಯಾಟಿನಷ್ಟು ಶಾಖ ಏಳುತ್ತದೆ. ರೇಡಿಯೋ ರಿಪೇರಿಯವನ ಸಾಲ್ಡರಿಂಗ್ ಐರನ್ನಿಗೂ ಸಾಮಾನ್ಯವಾಗಿ ಅಷ್ಟು ಶಕ್ತಿಯಿರುವುದಿಲ್ಲ. ಆದರೂ ಅದು ಸೀಸವನ್ನು ನೀರಾಗಿಸುತ್ತದೆ. ಅಂತಹ ಕಾವು ಕಡಲೆಕಾಳಿನಷ್ಟು ಜಾಗದಲ್ಲಿ ದಿನವೂ ನಾಲ್ಕು ಗಂಟೆಗಳ ಕಾಲ ಕುಳಿತಿರುತ್ತದೆ. ಎಂಸಿಬಿಯ ದೃಷ್ಟಿಯಲ್ಲಿ ಎಲ್ಲವೂ ಕ್ಷೇಮ. ಹತ್ತು ಆಂಪಿಯರ್ ಅದಕ್ಕೆ ಸಮ್ಮತವಾದ ಹೊರೆಯೇ. ಪ್ಲಗ್ಗು ಕಂದುಬಣ್ಣಕ್ಕೆ ತಿರುಗುತ್ತದೆ, ಮೀನು ಸುಟ್ಟಂತಹ ವಾಸನೆ ಬರುತ್ತದೆ, ಹೊದಿಕೆ ಇದ್ದಲಾಗುತ್ತದೆ, ಕಡೆಗೊಂದು ದಿನ ತಂತಿಗಳು ಕೂಡುತ್ತವೆ. ಶಾರ್ಟ್ ಸರ್ಕ್ಯೂಟ್ ಈ ಕಥೆಯ ಕೊನೆಯ ಅಧ್ಯಾಯ. ನಾವು ಅದನ್ನು ಮೊದಲನೆಯದೆಂದು ಓದುತ್ತೇವೆ.

ಇನ್ನೊಂದು ಸೂಕ್ಷ್ಮವೂ ಉಂಟು. ಬೆಂಕಿಯು ಒಲೆಯಿಂದಲೋ ಬೀಡಿಯಿಂದಲೋ ಹೊತ್ತಿಕೊಂಡಿದ್ದರೂ, ಅದು ಜೀವಂತ ತಂತಿಗಳನ್ನು ಮುಟ್ಟಿದಾಗ ಹೊದಿಕೆ ಕರಗಿ ಶಾರ್ಟ್ ಆಗಿಯೇ ಆಗುತ್ತದೆ. ಬೂದಿಯನ್ನು ಕೆದಕಿದಾಗ ತಂತಿಯ ತುದಿಯಲ್ಲಿ ಕರಗಿ ಗಟ್ಟಿಯಾದ ತಾಮ್ರದ ಮಣಿಗಳು ಸಿಕ್ಕುತ್ತವೆ. ಆ ಮಣಿ ಬೆಂಕಿಯ ತಾಯಿಯೋ ಮಗಳೋ ಎಂದು ನಿರ್ಣಯಿಸುವುದು ನುರಿತ ತಜ್ಞರಿಗೂ ಸುಲಭವಲ್ಲ. ಹೊಗೆ ಆರುವ ಮೊದಲೇ ರಸ್ತೆಯಲ್ಲಿ ನಿಂತು ಶಾರ್ಟ್ ಸರ್ಕ್ಯೂಟ್ ಎಂದು ಘೋಷಿಸುವವರಿಗೆ ಅದು ಹೇಗೆ ತಿಳಿಯಿತೆಂದು ವಿಚಾರಿಸುವ ಧೈರ್ಯ ಪತ್ರಿಕೆಗಳಿಗೂ ಬರಬೇಕು.

೨೦೨೨ರ ಸೆಪ್ಟೆಂಬರ್ ೧೨ರ ರಾತ್ರಿ ಸಿಕಂದರಾಬಾದಿನ ವಸತಿಗೃಹವೊಂದರಲ್ಲಿ ತಂಗಿದ್ದ ಎಂಟು ಮಂದಿ ಸತ್ತುದು, ಕೆಳಗೆ ಇರಿಸಿದ್ದ ವಿದ್ಯುತ್ ದ್ವಿಚಕ್ರ ವಾಹನಗಳಿಗೆ ಹತ್ತಿದ ಬೆಂಕಿಯ ಹೊಗೆಯಿಂದ. ಇಂತಹ ವಾಹನಗಳ ಲಿಥಿಯಂ ಬ್ಯಾಟರಿಯ ಒಳಗೇ ಶಾರ್ಟ್ ಆಗುವುದುಂಟು. ಹಾಗಾದಲ್ಲಿ ಗೋಡೆಯ ಮೇಲಿನ ಯಾವ ಫ್ಯೂಸೂ ಅದನ್ನು ತಡೆಯಲಾರದು, ಬ್ಯಾಟರಿಯು ತನ್ನ ಶಕ್ತಿಯನ್ನು ತಾನೇ ಹೊತ್ತಿರುತ್ತದೆ. ಪಾರ್ಸೆಲ್ ಒಯ್ಯುವ ಹುಡುಗರ ಗಾಡಿಗಳನ್ನು ಮಹಡಿಯ ಮೆಟ್ಟಿಲ ಕೆಳಗೆ ರಾತ್ರಿಯೆಲ್ಲಾ ಚಾರ್ಜಿಗೆ ಹಾಕುವ ಹೋಟೆಲಿನವರು ಇದನ್ನು ಇಂದೇ ನಿಲ್ಲಿಸತಕ್ಕದ್ದು.

ದೋಷ ಹುಡುಕುವ ವಿದ್ಯೆಯು ವೈರ್‌ಮನ್ನನದೇ ಆದರೂ, ಅವನಿಗೆ ಸರಿಯಾದ ಸಮಾಚಾರ ಕೊಡುವಷ್ಟು ತಿಳುವಳಿಕೆ ಗಲ್ಲಾದ ಮೇಲಿರುವವನಿಗೂ ಬೇಕು. ಹಾಕಿದ ಕ್ಷಣವೇ ಎಂಸಿಬಿ ಬಿದ್ದರೆ ಅದು ಪ್ರಾಯಶಃ ಶಾರ್ಟ್. ಹತ್ತು ನಿಮಿಷ ನಡೆದು ಬಿದ್ದರೆ ಹೊರೆ ಹೆಚ್ಚಾಗಿದೆ. ಬಾಯ್ಲರೂ ಗ್ರೈಂಡರೂ ಫ್ರಿಜ್ಜೂ ಒಂದೇ ಸಾಲಿನಲ್ಲಿರಬಹುದು. ಯಾವುದೂ ಬೀಳದೆ ದೀಪವೊಂದೇ ಆರಿದ್ದರೆ ತಂತಿ ಕಡಿದಿದೆ, ಅದು ಶಾರ್ಟಿಗೆ ತದ್ವಿರುದ್ಧವಾದ ರೋಗ. ಯಂತ್ರ ಮುಟ್ಟಿದಾಗ ಜುಮ್ಮೆಂದರೆ ವಿದ್ಯುತ್ತು ಯಂತ್ರದ ಮೈಗೆ ಸೋರುತ್ತಿದೆ, ಅರ್ತಿಂಗ್ ಕೆಟ್ಟಿದೆ. ಇದಕ್ಕೆ ಎಂಸಿಬಿಯಿಂದ ರಕ್ಷೆಯಿಲ್ಲ. ಆರ್‌ಸಿಸಿಬಿ ಎಂಬ ಬೇರೊಂದು ಉಪಕರಣ ಬೇಕು. ಹೋದ ಪ್ರವಾಹ ಹಿಂದಿರುಗಿತೇ ಎಂದು ಲೆಕ್ಕ ನೋಡಿ, ೩೦ ಮಿಲಿ ಆಂಪಿಯರ್ ಕಡಿಮೆ ಬಂದರೂ ಅದು ಬಾಗಿಲು ಮುಚ್ಚುತ್ತದೆ. ಗುಮಾಸ್ತರು ಮೆಚ್ಚತಕ್ಕ ಉಪಕರಣ. ಅದು ಜಮಾಖರ್ಚು ತಾಳೆ ನೋಡುವುದಲ್ಲದೆ ಬೇರೇನನ್ನೂ ಮಾಡುವುದಿಲ್ಲ. ಆದರೆ ಅದಕ್ಕೂ ಒಂದು ಮಿತಿಯಿದೆ: ಫೇಸ್ ನ್ಯೂಟ್ರಲ್‌ಗಳ ನಡುವಿನ ಶಾರ್ಟ್ ಅದಕ್ಕೆ ಕಾಣುವುದಿಲ್ಲ, ಏಕೆಂದರೆ ಹೋದುದೆಲ್ಲವೂ ಅಲ್ಲಿ ಹಿಂದಿರುಗುತ್ತದೆ. ಆದುದರಿಂದ ಎರಡೂ ಬೇಕು. ಕೆಲವು ದೀಪಗಳು ಮಂಕಾಗಿ ಕೆಲವು ಕಣ್ಣು ಕೋರೈಸುವಂತೆ ಉರಿದರೆ ಕಟ್ಟಡದ ನ್ಯೂಟ್ರಲ್ ಕಡಿದಿರುತ್ತದೆ. ಕೂಡಲೇ ಮೇನ್ ಇಳಿಸಬೇಕು, ಇಲ್ಲವಾದರೆ ಫ್ರಿಜ್ಜು ಸುಡುತ್ತದೆ.

ಶಾರ್ಟ್ ಇದೆಯೆಂದೇ ಅನುಮಾನ ಬಂದಲ್ಲಿ ಮಾಡಬೇಕಾದುದು ಬಿದ್ದ ಎಂಸಿಬಿಯನ್ನು ಮತ್ತೆ ಮತ್ತೆ ಎತ್ತುವುದಲ್ಲ. ಆ ಸಾಲಿನ ಎಲ್ಲ ಪ್ಲಗ್ಗುಗಳನ್ನು ಕಳಚಿ ಒಮ್ಮೆ ಮಾತ್ರ ಎತ್ತಿ ನೋಡಬೇಕು. ನಿಂತರೆ ದೋಷವು ಯಂತ್ರಗಳಲ್ಲೊಂದರದು. ಬಿದ್ದರೆ ಗೋಡೆಯೊಳಗಿನ ತಂತಿಯದು. ಅಲ್ಲಿಂದ ಮುಂದಿನ ಕೆಲಸ ಬಲ್ಲವನಿಗೇ ಸೇರಿದ್ದು. ಹಳೆಯ ವೈರ್‌ಮನ್ನರು ಫ್ಯೂಸಿನ ಜಾಗದಲ್ಲಿ ನೂರು ವ್ಯಾಟಿನ ಬಲ್ಬೊಂದನ್ನು ಸರಣಿಯಾಗಿ ಸೇರಿಸಿ ನೋಡುತ್ತಿದ್ದರು. ಯಂತ್ರಗಳೆಲ್ಲ ಕಳಚಿದ್ದರೂ ಬಲ್ಬು ಪೂರ್ಣ ಪ್ರಭೆಯಿಂದ ಉರಿದರೆ ಮುಂದೆ ಶಾರ್ಟ್ ಇದೆಯೆಂದು ಅರ್ಥ. ಬಲ್ಬಿನ ತಡೆಯಿಂದ ಪ್ರವಾಹವು ಅರ್ಧ ಆಂಪಿಯರನ್ನು ಮೀರದ ಕಾರಣ ತಂತಿಗಳಿಗೆ ಅಪಾಯವಿಲ್ಲ. ಅತ್ಯಂತ ಅಗ್ಗದ, ಅತ್ಯಂತ ಬುದ್ಧಿವಂತಿಕೆಯ ಪರೀಕ್ಷೆ! ಅದಕ್ಕೆ ತಂತುದೀಪವೇ ಬೇಕು. ಇಂದಿನ ಎಲ್‌ಇಡಿ ದೀಪ ಆ ಕೆಲಸಕ್ಕೆ ಬಾರದು. ಈಗಿನ ಹುಡುಗರು ಮೀಟರನ್ನು ತರುತ್ತಾರೆ, ಎರಡು ಮೊನೆಗಳನ್ನು ಚುಚ್ಚುತ್ತಾರೆ, ಅದು ಕುಯ್ಯೆಂದೊಡನೆ ಶಾರ್ಟ್ ಎಂದು ತೀರ್ಪು ಕೊಡುತ್ತಾರೆ. ಎರಡು ಸಾವಿರ ವ್ಯಾಟಿನ ನೀರಿನ ಬಾಯ್ಲರು ಆರೋಗ್ಯವಾಗಿದ್ದಾಗಲೇ ಅದರ ತಡೆ ೨೬ ಓಮ್ ಮಾತ್ರ. ದೊಡ್ಡ ಮೋಟಾರಿನ ಸುರುಳಿಯದು ಇನ್ನೂ ಕಡಿಮೆ. ಅವುಗಳ ಮೇಲೂ ಹಲವು ಮೀಟರುಗಳು ಕುಯ್ಯೆನ್ನುತ್ತವೆ. ಇಷ್ಟಿರಬೇಕಾದಲ್ಲಿ ಎಷ್ಟಿದೆ ಎಂದು ಹೋಲಿಸಿ ನೋಡಿದಾಗಲೇ ಶಾರ್ಟ್ ಎಂಬ ಮಾತಿಗೆ ಅರ್ಥ. ಗೋಡೆಯೊಳಗಿನ ತಂತಿಯ ಹೊದಿಕೆಯ ಸತ್ವವನ್ನು ಅಳೆಯಲು ೫೦೦ ವೋಲ್ಟಿನ ಮೆಗ್ಗರ್ ಇದೆ. ಅದು ಒಂದು ಮೆಗಾ ಓಮಿಗಿಂತ ಕಡಿಮೆ ತೋರಿಸಿದರೆ ಆ ವೈರಿಂಗನ್ನು ನಂಬಬಾರದು. ನಮ್ಮ ಎಷ್ಟು ಹೋಟೆಲುಗಳ ಗೋಡೆಗಳು ಮೆಗ್ಗರನ್ನು ಕಂಡಿವೆ?

ಕನ್ನಡಿಗರು ವಿದ್ಯುತ್ತಿಗೆ ಹೊಸಬರೇನೂ ಅಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು ೧೯೦೨ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುದು ೧೯೦೫ರಲ್ಲಿ. ಅದೇ ಬೆಂಗಳೂರಿನಲ್ಲಿ ೨೦೧೦ರ ಫೆಬ್ರವರಿ ೨೩ರಂದು ಕಾರ್ಲ್‌ಟನ್ ಟವರ್ಸ್ ಕಟ್ಟಡದ ವಿದ್ಯುತ್ ತಂತಿಗಳ ಕೊಳವೆಯಿಂದೆದ್ದ ಹೊಗೆಗೆ ಒಂಬತ್ತು ಮಂದಿ ಬಲಿಯಾದರು. ಉಸಿರು ಕಟ್ಟಿ ಕಿಟಕಿಗಳಿಂದ ಜಿಗಿದವರೂ ಅವರಲ್ಲಿದ್ದರು. ತಂತಿಯ ಹೊದಿಕೆ ಸುಟ್ಟಾಗ ಏಳುವ ಹೊಗೆಯು ವಿಷ. ಜ್ವಾಲೆಯು ಮೂರನೆಯ ಮಹಡಿಯನ್ನು ತಲಪದಿದ್ದರೂ ಹೊಗೆಯು ಏಳನೆಯ ಮಹಡಿಯನ್ನು ತಲಪುತ್ತದೆ. ಆದುದರಿಂದಲೇ, ಬೆಂಕಿ ಹುಟ್ಟಿದುದೇಕೆ ಎಂಬ ಪ್ರಶ್ನೆಯ ಮಗ್ಗುಲಿಗೆ ಜನರು ಹೊರಬರಲಾಗದೆ ಹೋದುದೇಕೆ ಎಂಬ ಪ್ರಶ್ನೆಯನ್ನೂ ಇರಿಸಬೇಕು. ಬೋಯಿಗುಡದಲ್ಲಿ ಮಲಗಿದ್ದವರಿಗೆ ಇಳಿದುಬರಲು ಇದ್ದ ದಾರಿ ಉರಿಯುತ್ತಿದ್ದ ಗೋದಾಮಿನ ಮೂಲಕವೇ ಇದ್ದಿತು. ಅದನ್ನು ಕಟ್ಟಿದುದು ಶಾರ್ಟ್ ಸರ್ಕ್ಯೂಟಲ್ಲ.

ಇದನ್ನು ಬರೆಯುವಾಗ ನಮ್ಮ ಕಣ್ಣ ಮುಂದಿರುವುದು ಅಡಿಗೆಮನೆಯ ಮೇಲಿನ ಅಟ್ಟಗಳು. ಊರು ಬಿಟ್ಟು ಬಂದ ಹುಡುಗರು ಕೆಲಸ ಮುಗಿಸಿ, ಮೈತೊಳೆದು, ಹನ್ನೆರಡರ ಮೇಲೆ ಅಲ್ಲಿ ಸಾಲಾಗಿ ಮಲಗುತ್ತಾರೆ. ಕೆಳಗೆ ಫ್ರಿಜ್ಜುಗಳು ರಾತ್ರಿಯೆಲ್ಲಾ ನಡೆಯುತ್ತವೆ. ಕಳ್ಳರ ಭಯದಿಂದ ಷಟರಿಗೆ ಹೊರಗಿನಿಂದ ಬೀಗ ಬೀಳುವುದುಂಟು. ಧಣಿಗಳಲ್ಲಿ ಹಲವರು ಅದೇ ಅಟ್ಟಗಳಲ್ಲಿ ಮಲಗಿ ಮೇಲೆ ಬಂದವರೆಂಬುದನ್ನು ನಾವು ಬಲ್ಲೆವು. ಅವರು ಕಠಿಣ ಹೃದಯದವರಲ್ಲ. ನಾವು ಮಲಗಲಿಲ್ಲವೇ, ನಮಗೇನಾಯಿತು, ಎನ್ನುತ್ತಾರೆ. ಅವರು ಮಲಗಿದ್ದ ಕಾಲದಲ್ಲಿ ಕೆಳಗಿದ್ದುದು ಎರಡು ದೀಪ, ಒಂದು ಫ್ಯಾನು, ಕಲ್ಲಿನ ಒರಳು. ಇಂದು ಅದೇ ಗೋಡೆಯ ತಂತಿಗಳ ಮೇಲೆ ಗ್ರೈಂಡರು, ಬಾಯ್ಲರು, ಡೀಪ್ ಫ್ರೀಜರು, ಮೂರು ಏಸಿಗಳು ಕುಳಿತಿವೆ.

ಕಾನೂನಿಲ್ಲವೆಂದಲ್ಲ. ವಿದ್ಯುತ್ತಿನಿಂದ ಸಾವು ನೋವು ಸಂಭವಿಸಿದರೆ ಅದನ್ನು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸತಕ್ಕದ್ದೆಂದೂ, ಕಾರಣವೇನೆಂದು ಅವರಿಂದ ವಿಚಾರಣೆ ಮಾಡಿಸಬಹುದೆಂದೂ ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮದ ೧೬೧ನೆಯ ಪ್ರಕರಣವು ಹೇಳುತ್ತದೆ. ನಾವು ಸರ್ಕಾರವನ್ನು ಕೇಳುವುದಿಷ್ಟೆ: ಬೋಯಿಗುಡದ, ಸ್ವಪ್ನಲೋಕದ, ಗುಲ್ಜಾರ್ ಹೌಜಿನ ಹೆಸರಿನಲ್ಲಿ ನಡೆಯುವ ಇಂತಹ ಪ್ರತಿಯೊಂದು ವಿಚಾರಣೆಯ ವರದಿಯೂ ಜನರು ಓದುವ ಭಾಷೆಯಲ್ಲಿ ಪ್ರಕಟವಾಗಲಿ. ಯಾವ ತಂತಿ, ಯಾವ ಜೋಡಣೆ, ಎಷ್ಟರ ಎಂಸಿಬಿ, ಅದು ಏಕೆ ಬೀಳಲಿಲ್ಲ, ಕಡೆಯ ಬಾರಿ ಪರೀಕ್ಷಿಸಿದವರಾರು ಎಂಬುದು ಅದರಲ್ಲಿರಲಿ. ವಿಮಾ ಕಂಪನಿಗೆ ಕೊಡುವ ಕಾಗದದಲ್ಲಿ ಇವೆಲ್ಲವೂ ಇರುವುದಾದರೆ ಸತ್ತವರ ಮನೆಯವರಿಗೂ ಅದನ್ನು ತಿಳಿಯುವ ಹಕ್ಕುಂಟು.

ಹೋಟೆಲು ಮಾಲೀಕರಿಗೆ ಈ ತಿಂಗಳೇ ಮಾಡತಕ್ಕ ಕೆಲಸಗಳುಂಟು. ಪರವಾನಗಿಯುಳ್ಳ ಗುತ್ತಿಗೆದಾರನಿಂದ ಮೆಗ್ಗರ್ ಪರೀಕ್ಷೆ ಮಾಡಿಸಿ ಅಂಕೆಗಳನ್ನು ಬರಹದಲ್ಲಿ ಪಡೆಯಿರಿ. ಅದಕ್ಕೆ ತಗಲುವ ವೆಚ್ಚ ಒಂದು ದಿನದ ಕಾಫಿಯ ವ್ಯಾಪಾರವನ್ನು ಮೀರಲಾರದು. ಅಟ್ಟಕ್ಕೆ ಅಡಿಗೆಮನೆಯ ಮೂಲಕವಲ್ಲದ ಎರಡನೆಯ ದಾರಿ ಮಾಡಿಸಿ. ಅದು ಸಾಧ್ಯವೇ ಇಲ್ಲವೆಂದಾದರೆ ಅಲ್ಲಿ ಯಾರನ್ನೂ ಮಲಗಿಸಬೇಡಿ. ಒಳಗೆ ಜನರಿರುವಾಗ ಷಟರಿನ ಬೀಗದ ಕೈ ಒಳಗೇ ಇರಲಿ.

ಕೆಲಸಗಾರರಿಗೂ ಗುಮಾಸ್ತರಿಗೂ ನಮ್ಮ ಕೋರಿಕೆ ಇನ್ನೂ ಚಿಕ್ಕದು. ಮೇನ್ ಸ್ವಿಚ್ಚು ಎಲ್ಲಿದೆಯೆಂದು ಇಂದು ರಾತ್ರಿ ಹೋಗಿ ನೋಡಿ, ಕತ್ತಲಲ್ಲಿ ಕೈಗೆ ಸಿಗುತ್ತದೆಯೇ ಎಂದು ಪರೀಕ್ಷಿಸಿ. ಕಚೇರಿಯ ಮೆಟ್ಟಿಲ ಮೇಲೆ ಪೆಟ್ಟಿಗೆಗಳನ್ನು ಒಟ್ಟಿದ್ದರೆ ಯಾರು ಒಟ್ಟಿದರೆಂದು ಕೇಳದೆ ತೆಗೆಸಿ. ಬಣ್ಣ ಬದಲಾದ ಪ್ಲಗ್ಗು, ಮುಟ್ಟಿದರೆ ಬಿಸಿಯಾಗಿರುವ ಸ್ವಿಚ್ಚುಬೋರ್ಡು ಕಂಡರೆ ಅದನ್ನು ಆರಿಸಿ ಧಣಿಗೆ ತಿಳಿಸಿ. ಮರುದಿನವೂ ಹಾಗೆಯೇ ಇದ್ದರೆ ಮತ್ತೆ ತಿಳಿಸಿ. ಭಟ್ಟರು ಹೇಳಿದರೂ ಫ್ಯೂಸಿಗೆ ದಪ್ಪ ತಂತಿಯನ್ನು ಹಾಕಬೇಡಿ. ವಿದ್ಯುತ್ತಿನ ಬೆಂಕಿಗೆ, ಮೇನ್ ಇಳಿಯುವ ಮೊದಲು, ನೀರು ಎರಚಬೇಡಿ. ವಿದ್ಯುತ್ ಕಂಪನಿಯ ದೂರಿನ ಸಂಖ್ಯೆ ೧೯೧೨, ಅಗ್ನಿಶಾಮಕ ದಳದ್ದು ೧೦೧. ಎರಡನ್ನೂ ಗಲ್ಲಾದ ಹಿಂದಿನ ಗೋಡೆಯ ಮೇಲೆ, ಇಡ್ಲಿ ದೋಸೆಗಳ ದರಪಟ್ಟಿಯಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ.